ಯುಗಾದಿಯ ಬದಲಿ ದಿನ

ಇವತ್ತು ಮಾಡಿದ ಕೆಲಸಗಳು: ಬೆಳಕು ಹರಿಯುವ ಮುಂಚೆ ಎದ್ದು ಕೊಳಾಯಿ ನೀರು ಹಿಡಿದೆ, ಎರಡನೇ ಡ್ರಮ್ಮು ಅರ್ಧ ಆಗುವಷ್ಟರಲ್ಲಿ ನಿಂತುಹೋಯಿತು. ಬಾಗಿಲಿಗೆ ನೀರು ಚಿಮುಕಿಸಿ ಚಿಕ್ಕದೊಂದು ರಂಗೋಲಿ ಬಿಟ್ಟೆ. ನಾದಿನಿಗೆ ಡಬ್ಬಿ ಕಟ್ಟಿದೆ, ಚಿತ್ರಾನ್ನ, ಮೂಲೆಯಲ್ಲಿ ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ. ಮತ್ತಿಗಿರಿ ಬಸ್ ಸ್ಟಾಪಿನ ತನಕ ಅವಳ ಜೊತೆ ನಡೆದುಹೋಗಿ ಬಸ್ಸು ಹತ್ತಿಸಿ ಬಂದೆ. ದೋಸೆಗೆ ನೆನೆಹಾಕಿದೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಒಲೆ ತಿಕ್ಕಿದೆ. ಹೊಸ ಹುಣಸೇಹಣ್ಣು ಹರಡಿಕೊಂಡು ಕೂತು ಬೀಜ ಬಿಡಿಸಿದೆ, ಅರ್ಧ ಮುಗಿಯಿತು. ಪಕ್ಕದ ಮನೆಯವರು ವಡೆ ಪಾಯಸ ಕೊಟ್ಟರು, ಬರೀ ಪಾತ್ರೆ ವಾಪಸ್ಸು ಕೊಡಬಾರದು ಅಂತ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ.

ವಾರದ ದಿನ ಇಷ್ಟು ಮನೆಗೆಲಸ ಆಗಿದೆ ಅಂದರೆ ನಾನು ಕೆಲಸಕ್ಕೆ ಹೋಗಿಲ್ಲ. ಇವತ್ತು ತಮಿಳರ ಹೊಸ ವರ್ಷ. ಹೊಸೂರಿನ ಮೂಕಂಡಪಲ್ಲಿ ಕಡೆಯ ನಮ್ಮ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಸೇರಿದ ಮೇಲೆ ಈ ದಿನ ನಾನು ಮನೆಯಲ್ಲಿ ಕೂತಿದ್ದೇ ಇಲ್ಲ. ಹಬ್ಬ ಅವರದು, ಕೆಲಸ ನಮ್ಮದು. ಹಾಗೆ ನಡೆದುಕೊಂಡು ಬಂದಿತ್ತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರು ತಮಿಳು ರಾಜ್ಯಕ್ಕೆ ಸೇರಿದ್ದು, ಹಾಗಾಗಿ ನಮ್ಮ ಕಂಪನಿ ಕೊಡುವುದು ಒಂದೇ ಹೊಸ ವರ್ಷದ ರಜೆ, ತಮಿಳರದು. ಆದರೆ ಲೈನಿನಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ನಾವು, ಕನ್ನಡದವರು, ತೆಲುಗಿನವರು. ನಮಗೆ ಯುಗಾದಿಯೇ ಹೊಸ ವರ್ಷ. ಲೈನು ಯಾವ ದಿನವೂ ನಿಲ್ಲುವ ಹಾಗಿಲ್ಲ, ಸ್ಕೂಟರಿನ ಬ್ರೇಕಿಗೆ ಹಾಕುವ ಸಾಮಾನು ಪ್ರತಿ ಸಂಜೆ ಲಾರಿ ಹತ್ತಲೇಬೇಕು. ಅದಕ್ಕೆ ಹಿಂದಿನವರು ಒಂದು ದಾರಿ ಮಾಡಿಕೊಂಡಿದ್ದರು. ಯುಗಾದಿ ದಿನ ತಮಿಳಿನವರು ನಮ್ಮ ಜಾಗಕ್ಕೂ ನಿಂತು ಲೈನು ಓಡಿಸುವುದು. ಅವರ ಹೊಸ ವರ್ಷಕ್ಕೆ ನಾವು ಬಂದು ಅವರ ಜಾಗ ತುಂಬುವುದು. ಇದಕ್ಕೆ ಬದಲಿ ದಿನ ಅನ್ನುತ್ತಿದ್ದೆವು. ಯಾರಿಗೆ ಯಾರು ಬದಲಿ ಅಂತ ಸೂಪರ್‌ವೈಸರ್ ಗೋಡೆಯ ಮೇಲಿನ ಕರೀ ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕೋರು, ಎರಡು ಹಬ್ಬವೂ ಕಳೆದ ಮೇಲೆ ಒರೆಸೋರು. ಅಷ್ಟೇ.

ನನಗೆ ಬದಲಿ ನನ್ನ ಟೇಬಲ್ಲಿನಲ್ಲೇ ನಿಲ್ಲುವ ತಮಿಳು ಹೆಂಗಸು. ಯುಗಾದಿಯ ಹಿಂದಿನ ದಿನ ಕೈ ತೊಳೆಯುವಾಗ ಕೂಗಿ ಹೇಳುತ್ತಿದ್ದಳು, "ಅಕ್ಕಾ, ಒಬ್ಬಟ್ಟು ಮರಕ್ಕಾದೀಂಗ!" ಮರೆತರೆ ಮುಂದಿನ ವರ್ಷ ನಿನ್ನ ಕೆಲಸ ನೀನೇ ಮಾಡ್ಕೋ ಅಂತ ಕನ್ನಡದಲ್ಲೇ ಸೇರಿಸುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ, "ನಿಮ್ಮ ಹಬ್ಬದ ವಡೆ ಹೋದ್ಸಲ ಕಲ್ಲಿದ್ದಂಗಿತ್ತು, ಈ ಸಲನಾದ್ರೂ ಉದ್ದು ನೆನೆಸು" ಅಂತಿದ್ದೆ.

ಕರೀ ಹಲಗೆ ಹೋಗಿ ಕಂಪ್ಯೂಟರ್ ಬಂತು. ಹಾಜರಿ, ರಜೆ, ಶಿಫ್ಟು, ಟ್ರೈನಿಗಳ ಅವಧಿ, ಎಲ್ಲ ಒಂದೇ ಸಾಫ್ಟ್‌ವೇರಿನೊಳಗೆ. ಊರೂರಿನ ಫ್ಯಾಕ್ಟರಿಗಳಿಗೆ ಅದೇ ಒಂದು ಸಾಫ್ಟ್‌ವೇರು, ಯಾರಿಗೆ ಏನು ಬೇಕೋ ಆ ಸ್ವಿಚ್ಚು ಹಾಕಿಕೊಂಡರಾಯಿತು, ಬೇಡದ್ದು ಆರಿಸಿದರಾಯಿತು ಅಂತ ಆಫೀಸಿನ ಸಾಹೇಬರು ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ ಹೇಳಿದರು. ಕೆಲಸಗಾರರ ಕಷ್ಟಸುಖ ನೋಡುವ ಸಾಹೇಬರು ಅವರು, ಮನೆಮಾತು ತೆಲುಗು. ನಗುತ್ತಾ ಅಂದರು, "ನಮ್ಮ ಯುಗಾದಿನೂ ಬಿಟ್ಟಿಲ್ಲಮ್ಮಾ. ಬದಲಿ ದಿನಕ್ಕೆ ಅಂತಾನೇ ಅದರಲ್ಲೊಂದು ಸ್ವಿಚ್ಚಿದೆ. ನಾನೇ ಕೇಳಿ ಹಾಕಿಸಿದೀನಿ." ನಾವು ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಹೇಳಿದರೆ ಯಜಮಾನರು, "ಅಲ್ಲಾ, ಮಿಷನ್ನಿಗೂ ಬೇವು ಬೆಲ್ಲ ತಿನ್ಸ್‌ಬುಟ್ರಾ?" ಅಂತ ನಕ್ಕರು.

ಯಜಮಾನರ ತಂಗಿ ಆಗ ನಮ್ಮ ಜೊತೆ ಇದ್ದಳು, ಈಗಲೂ ಇದ್ದಾಳೆ. ಗಂಡನನ್ನು ಬಿಟ್ಟು ಬಂದವಳು. ಮಗಳು ಜವಳಗಿರಿಯಲ್ಲಿ ನಮ್ಮ ಅತ್ತೆಯ ಹತ್ತಿರ, ಅಲ್ಲೇ ಶಾಲೆ. ಹಿಂದೆ ನಾದಿನಿ ಬೇರೆ ಬೇರೆ ಕಡೆ ಕೆಲಸಕ್ಕಿದ್ದಾಗ ಮಗಳನ್ನು ಹೊಸೂರಿಗೆ ಕರೆತಂದು ಶಾಲೆಗೆ ಹಾಕಿದ್ದಳು, ಕೆಲಸ ಹೋಗುತ್ತಲೂ ನಡುವರ್ಷದಲ್ಲಿ ಕಿತ್ತುಕೊಂಡು ವಾಪಸ್ಸು ಬಿಟ್ಟು ಬಂದಿದ್ದಳು. ಹಾಗೆ ಎರಡು ಸಲ ಆಯಿತು. ಎರಡನೇ ಸಲ ಆ ಮಗು ಯಾರ ಜೊತೆಗೂ ಮಾತು ಬಿಟ್ಟಿತ್ತು. ಅವತ್ತು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು, "ಕೆಲಸ ನಿಂತ್ಕಳ್ಲಿ, ಆಮೇಲೆ ಕರ್ಕೊಂಡೋಗು. ಅಲ್ಲೀವರ್ಗೂ ಈ ಮಗೀನ ಅಲ್ಲಾಡುಸ್ಬ್ಯಾಡ."

ನಾನೇ ಹೇಳಿ ಅವಳನ್ನು ನಮ್ಮ ಫ್ಯಾಕ್ಟರಿಗೆ ಟ್ರೈನಿಯಾಗಿ ಸೇರಿಸಿದ್ದೆ. ಟ್ರೈನಿಯಾಗುವುದಕ್ಕೆ ವಯಸ್ಸಿನ ಮಿತಿ ಇದೆ, ಅವಳು ಅದರ ಅಂಚಿನಲ್ಲಿ ಒಳಗೆ ಬಂದಳು. ಎರಡು ವರ್ಷ ಟ್ರೈನಿಂಗ್ ಮುಗಿಸಿದರೆ ಪರ್ಮನೆಂಟು. ಕಂಪ್ಯೂಟರ್ ಬಂದ ಮೇಲಿನ ಮೊದಲ ಯುಗಾದಿ, ಹೋದ ವರ್ಷದ್ದು, ಬರುವಾಗ ಅವಳ ಎರಡು ವರ್ಷ ಮುಗಿಯುತ್ತಾ ಬಂದಿತ್ತು. ನಮ್ಮ ಬೀದಿಯಲ್ಲೇ ಒಂದು ಒಂಟಿ ಕೋಣೆ ನೋಡಿಟ್ಟಿದ್ದಳು, ಕಿಟಕಿಯಿಂದ ಶಾಲೆಯ ಕಾಂಪೌಂಡು ಕಾಣುತ್ತಿತ್ತು. "ಅತ್ತಿಗೆ, ಜೂನಿಗೆ ಕರ್ಕೊಂಡ್ ಬತ್ತೀನಿ. ಮೂರ್ನೇ ಸಲ. ಇನ್ ವಾಪಸ್ ಕಳ್ಸಲ್ಲ" ಅಂತ ತಲೆ ಬಾಚಿಕೊಳ್ಳುತ್ತಾ, ಪಾತ್ರೆ ತೊಳೆಯುತ್ತಾ ಹೇಳುತ್ತಲೇ ಇರೋಳು.

ಆ ವರ್ಷ ಯುಗಾದಿ ಶನಿವಾರ ಬಿತ್ತು. ಅವಳಿಗೆ ಬದಲಿಯಾಗಿ ಒಬ್ಬ ತಮಿಳು ಹುಡುಗಿ ನಿಂತಳು. ನಾದಿನಿ ಹಬ್ಬಕ್ಕೆ ಜವಳಗಿರಿಗೆ ಹೋದಳು, ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿ ಹೊಸ ಲಂಗ ಉಡಿಸಿದಳಂತೆ. ಮಾರನೇ ದಿನ ಭಾನುವಾರ, ವಾರದ ರಜೆ, ಹೊಸತೊಡಕು. ಸೋಮವಾರ ಬೆಳಗ್ಗೆ ಮೊದಲನೇ ಬಸ್ಸಿಗೆ ಹೊರಟರೆ ಕಾಡಿನ ರಸ್ತೆಯಲ್ಲಿ ಆನೆಗಳು ಮರಿ ಕಟ್ಟಿಕೊಂಡು ನಿಂತಿವೆ. ಬಸ್ಸು ಬಿಡಲಿಲ್ಲ. ಸೂಪರ್‌ವೈಸರಿಗೆ ಫೋನು ಮಾಡಿದಳು. "ಆನೆಗೆ ಮೆಮೋ ಕೊಡೋಕಾಗುತ್ತಾ, ನಾಳೆ ಬಾರಮ್ಮ" ಅಂದರಂತೆ. ಟ್ರೈನಿಗಳು ಒಂದು ದಿನ ಬರದಿದ್ದರೆ ಅದೇನೂ ದೊಡ್ಡ ತಪ್ಪಲ್ಲ. ಮಂಗಳವಾರ ಬಂದಳು, ಎಂದಿನ ಹಾಗೆ ಲೈನಿಗೆ ನಿಂತಳು.

ತಮಿಳರ ಹೊಸ ವರ್ಷ ಬಂತು. ನಾವಿಬ್ಬರೂ ಒಟ್ಟಿಗೇ ಹೋದೆವು. ಗೇಟಿನ ಮಿಷನ್ನಿಗೆ ನಾನು ಬೆರಳಿಟ್ಟೆ, ಕೀಂ ಅಂತು, ಬಾಗಿಲು ತೆಗೀತು. ಅವಳು ಬೆರಳಿಟ್ಟಳು, ಕೀಂ ಅಂತು, ಬಾಗಿಲು ತೆಗೀತು. ಶಿಫ್ಟು ಪೂರ್ತಿ ನನ್ನ ಪಕ್ಕದಲ್ಲೇ ನಿಂತು ಪೆಟ್ಟಿಗೆ ಕಟ್ಟಿದಳು. ಟೇಪು ಹರಿದು ಹರಿದು ಹೆಬ್ಬೆರಳು ಕುಯ್ದುಕೊಂಡಿದ್ದಳು, ನನ್ನ ಸೆರಗಿನ ಅಂಚು ಹರಿದು ಕಟ್ಟಿದ್ದೆ. ಇದನ್ನು ಯಾಕೆ ಬರೆಯುತ್ತಿದ್ದೀನಿ ಅಂದರೆ, ಅವಳು ಅವತ್ತು ಕೆಲಸಕ್ಕೆ ಬಂದಿದ್ದಳು.

ತಿಂಗಳು ತಿರುಗಿತು. ಒಂದು ಬೆಳಗ್ಗೆ ನನ್ನ ಹಿಂದೆ ಬರುತ್ತಿದ್ದವಳ ಬೆರಳಿಗೆ ಮಿಷನ್ನು ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟಳು. ಕೆಂಪು. ಇನ್ನೊಂದು ಬೆರಳಿಟ್ಟಳು. ಕೆಂಪು.

"ಏನಮ್ಮಾ, ಒಬ್ಬಟ್ಟಿನ ತುಪ್ಪ ಇನ್ನೂ ಹೋಗಿಲ್ವಾ ಕೈಯಿಂದ?" ಅಂತ ಸೆಕ್ಯುರಿಟಿಯವನು ತಮಾಷೆ ಮಾಡಿದ. ಆಮೇಲೆ ತನ್ನ ಕಂಪ್ಯೂಟರ್ ನೋಡಿ ಅವನ ಮುಖ ಬದಲಾಯಿತು. "ಅಕ್ಕಾ, ಇವರ ಹೆಸರು ಇಲ್ಲ. ಬಿಟ್ಟುಹೋದವರು ಅಂತ ತೋರಿಸ್ತದೆ."

"ಬಿಟ್ಟೋಗಿದ್ರೆ ಇಲ್ಲಿ ಯಾಕ್ಲಾ ನಿಂತಿರ್ತಿದ್ದೆ?" ಅಂದಳು ನಾದಿನಿ.

ಅವಳನ್ನು ಗೇಟಿನ ಬೆಂಚಿನ ಮೇಲೆ ಕೂರಿಸಿ ನಾನು ಲೈನಿಗೆ ಹೋದೆ. ಸಾಹೇಬರು ಬಂದ ಮೇಲೆ ಕರೆಸಿದರು. ಅವತ್ತು ಬೇರೆ ಯಾವುದೋ ಕೆಲಸಕ್ಕೆ ಬೆಂಗಳೂರಿನಿಂದ ಸಾಫ್ಟ್‌ವೇರಿನವನೂ ಬಂದಿದ್ದ. ಮೆತ್ತಗೆ ಮಾತಾಡುವ ಮನುಷ್ಯ. ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿದ. ಬಹಳ ಹೊತ್ತು ನೋಡಿ, ಕಡೆಗೆ "ಸಿಕ್ತು" ಅಂದ.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೀನಿ. ಬದಲಿ ದಿನದ ಸ್ವಿಚ್ಚು ಹಾಕಿತ್ತಲ್ಲ, ಯುಗಾದಿಗೆ ಬರದವರನ್ನು ಅದು ಗೈರು ಅನ್ನದೆ ಕಾಯುತ್ತೆ. ತಮಿಳರ ಹೊಸ ವರ್ಷಕ್ಕೆ ಬಂದರೆ ಸರಿಹೊಂದಿಸುತ್ತೆ. ಆದರೆ ಅದರಲ್ಲೇ ಇನ್ನೊಂದು ಸ್ವಿಚ್ಚು, ಕಂಪನಿ ರಜೆ ಇರುವ ದಿನ ಟ್ರೈನಿಗಳ ಹಾಜರಿ ತಗೋಬಾರದು ಅಂತ. ಟ್ರೈನಿಗಳನ್ನು ರಜೆಯಲ್ಲಿ ದುಡಿಸಿಕೊಳ್ಳದಿರಲಿ ಅಂತ ಒಳ್ಳೇದಕ್ಕೇ ಮಾಡಿದ್ದು. ಹಾಗಾಗಿ ಅವತ್ತು ಅವಳಿಗೆ ಬಾಗಿಲು ತೆಗೆದರೂ ಹಾಜರಿ ಬೀಳಲಿಲ್ಲ. ಬದಲಿ ದಿನ ಬರಲಿಲ್ಲ ಅಂತಾಯಿತು, ಯುಗಾದಿಯ ಶನಿವಾರ ಗೈರಾಯಿತು. ಸೋಮವಾರ ಆನೆಯ ದೆಸೆಯಿಂದ ಮೊದಲೇ ಗೈರು. ಮೂರನೇ ಸ್ವಿಚ್ಚು, ಭಾನುವಾರದ ಹಿಂದೆ ಮುಂದೆ ಎರಡು ದಿನವೂ ಬರದಿದ್ದರೆ ಭಾನುವಾರವನ್ನೂ ಗೈರಿಗೆ ಸೇರಿಸು ಅನ್ನುತ್ತೆ. ಅಲ್ಲಿಗೆ ಸತತ ಮೂರು ದಿನ. ಟ್ರೈನಿ ಮೂರು ದಿನ ಒಟ್ಟಿಗೆ ಬರದಿದ್ದರೆ ಬಿಟ್ಟುಹೋದ ಹಾಗೆ ಲೆಕ್ಕ ಅಂತ ಕಡೇ ಸ್ವಿಚ್ಚು. ಯಾರೂ ಏನೂ ಒತ್ತಲಿಲ್ಲ. ತಿಂಗಳ ಕೊನೆಯಲ್ಲಿ ಅದೇ ಕೂಡಿಕೊಂಡು ಅದೇ ಅವಳ ಹೆಸರು ಹೊಡೆದುಹಾಕಿತು.

ನನ್ನಂಥ ಪರ್ಮನೆಂಟಿನವರಿಗೆ ಏನೂ ಆಗಿರಲಿಲ್ಲ. ಬೇರೆ ಟ್ರೈನಿಗಳಿಗೆ ಯುಗಾದಿಯ ಒಂದು ದಿನದ ಸಂಬಳ ಹೋಗಿತ್ತು, ಗೊಣಗಿಕೊಂಡು ಸುಮ್ಮನಾಗಿದ್ದರು. ಎಲ್ಲ ಸ್ವಿಚ್ಚಿನ ದಾರಿಗೂ ಒಟ್ಟಿಗೆ ಸಿಕ್ಕಿದವಳು ಇವಳೊಬ್ಬಳೇ.

"ಸಾ, ನಾನು ಅವತ್ತು ಕೆಲ್ಸ ಮಾಡ್ದೆ ಅಲ್ವಾ?" ಅಂದಳು ನಾದಿನಿ. ಹೆಬ್ಬೆರಳಿನ ಗಾಯದ ಕಲೆ ತೋರಿಸಿದಳು. "ನಮ್ಮತ್ತಿಗೆ ಪಕ್ಕದಲ್ಲೇ ಇದ್ರು."

"ಮಾಡಿದೀರಮ್ಮ. ಇಲ್ಲ ಅಂತ ಯಾರೂ ಅನ್ನಲ್ಲ" ಅಂದ ಅವನು. "ಸಿಸ್ಟಮ್‌ನಲ್ಲಿ ಮಾಡಿಲ್ಲ."

"ಹಂಗಾದ್ರೆ ಸಿಸ್ಟಮ್ ತಪ್ಪು ತಾನೇ?" ಅಂದೆ ನಾನು.

ಅವನು ಕನ್ನಡಕ ತೆಗೆದು ಒರೆಸಿದ. "ತಪ್ಪು ಅಂತ ಬೆರಳಿಟ್ಟು ತೋರಿಸೋಕೆ ಒಂದು ಜಾಗ ಬೇಕಲ್ಲ ಅಕ್ಕಾ. ಒಂದೊಂದೇ ನೋಡಿದ್ರೆ ಎಲ್ಲಾ ಸರಿಯಾಗಿದೆ. ನಾವು ಒಂದೊಂದನ್ನೂ ಪರೀಕ್ಷೆ ಮಾಡೇ ಕೊಟ್ಟಿರೋದು. ಈ ನಾಲ್ಕೂ ಒಟ್ಟಿಗೆ ಹಾಕ್ಕೊಂಡಿರೋರು ನಿಮ್ಮವರು ಮಾತ್ರ."

"ಎಷ್ಟು ಸ್ವಿಚ್ಚಿದಾವೆ ಅದ್ರಲ್ಲಿ?"

"ನೂರಾರು."

"ಯಾವುದರ ಜೊತೆ ಯಾವುದು ಹಾಕಿದ್ರೆ ಏನಾಗುತ್ತೆ ಅಂತ ನೋಡಲ್ವಾ?"

ಅವನಿಗೆ ನಗು ಬಂತು, ತಡೆದುಕೊಂಡ. "ಎಲ್ಲಾ ಜೋಡಿನೂ ನೋಡ್ತಾ ಕೂತ್ರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ ಅಕ್ಕಾ."

ಮನೆಯಲ್ಲಿ ಮೂರು ಜನ ಹೆಂಗಸರು ಒಬ್ಬರನ್ನೊಬ್ಬರು ಕೇಳದೆ ಸಾರಿಗೆ ಉಪ್ಪು ಹಾಕಿದ ಹಾಗೆ ಇದು. ಪ್ರತಿಯೊಬ್ಬರೂ ಹಾಕಿದ್ದು ಅಳತೆಯ ಉಪ್ಪೇ. ಆದರೆ ಸಾರು ಕೆಟ್ಟರೆ ಮೂವರಲ್ಲಿ ಒಬ್ಬರಾದರೂ ನಾಲಿಗೆಗೆ ಇಟ್ಟು ನೋಡಿ ಥೂ ಅನ್ನುತ್ತಾರೆ. ಇಲ್ಲಿ ರುಚಿ ನೋಡುವವರು ಯಾರೂ ಇರಲಿಲ್ಲ.

ಸಾಹೇಬರು ಕೈಲಾದ್ದು ಮಾಡಿದರು ಅಂತಲೇ ಹೇಳಬೇಕು. ಮುಗಿದ ತಿಂಗಳನ್ನು ಇಲ್ಲಿಂದ ಬಿಚ್ಚಲಾಗುವುದಿಲ್ಲ, ದೊಡ್ಡ ಆಫೀಸಿನಿಂದಲೇ ಬಿಚ್ಚಬೇಕು ಅಂತ ಬರೆದು ಕೇಳಿದರು. ನೀವೇ ಆರಿಸಿಕೊಂಡ ನಿಯಮದ ಪ್ರಕಾರವೇ ಆಗಿದೆ ಅಂತ ಅಲ್ಲಿಂದ ಬಂತು. ಹಾಗಾದರೆ ಹೊಸ ಟ್ರೈನಿಯಾಗಿ ಸೇರಿಸಿಕೊಳ್ಳೋಣ, ಇನ್ನೆರಡು ವರ್ಷ ತಡಕೊಳ್ಳಮ್ಮ ಅಂದರು. ನಾದಿನಿ ಅದಕ್ಕೂ ಹೂಂ ಅಂದಳು. ಅವಳ ವಿವರ ತುಂಬಿಸಿದರೆ ಸಾಫ್ಟ್‌ವೇರು ತಗೊಳ್ಳಲಿಲ್ಲ. ವಯಸ್ಸು ಮೀರಿತ್ತು. ಬಂದಾಗ ಅಂಚಿನಲ್ಲಿದ್ದವಳು ಎರಡು ವರ್ಷ ನಿಂತು ದುಡಿಯುವಷ್ಟರಲ್ಲಿ ಅಂಚು ದಾಟಿಬಿಟ್ಟಿದ್ದಳು. ಸಾಹೇಬರು ಕೈಚೆಲ್ಲಿ ಕೂತರು. "ನಿಮಗೆ ಒಳ್ಳೇದಾಗ್ಲಿ ಅಂತಲೇ ಹಾಕಿಸಿದ್ದಮ್ಮಾ ಆ ಸ್ವಿಚ್ಚು" ಅಂದರು. ಅದು ನಿಜ. ನಿಜ ಆಗಿದ್ದಕ್ಕೇ ಅವರನ್ನು ಬೈಯುವುದಕ್ಕೂ ಆಗಲಿಲ್ಲ.

ಕಡೆಗೆ ಕಾಂಟ್ರಾಕ್ಟರ್ ಕಡೆಯಿಂದ ಸೇರಿಕೊಂಡಳು. ಅದೇ ಫ್ಯಾಕ್ಟರಿ, ಅದೇ ಲೈನು, ನನ್ನ ಪಕ್ಕದ ಅದೇ ಟೇಬಲ್ಲು. ನೀಲಿ ಕೋಟು ಹೋಗಿ ಹಳದಿ ಕೋಟು ಬಂತು. ಹಳದಿಯವರಿಗೆ ಬೇರೆ ಗೇಟು, ಕ್ಯಾಂಟೀನಿನಲ್ಲಿ ನಾವು ಎದ್ದ ಮೇಲೆ ಊಟ. ಬೇಡ ಅಂದ ದಿನ ಬರಬೇಡಿ ಅನ್ನುತ್ತಾರೆ. ಬೀದಿಯ ಆ ಒಂಟಿ ಕೋಣೆಗೆ ಬೇರೆ ಯಾರೋ ಬಂದರು, ಶಾಲೆಯ ಕಡೆಯ ಕಿಟಕಿಗೆ ಅವರು ಕೂಲರು ಕೂರಿಸಿದ್ದಾರೆ. ಜೂನಿನಲ್ಲಿ ನಾದಿನಿ ಜವಳಗಿರಿಗೆ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಮಗಳು ಏನಂದಳು ಅಂತ ನಾನು ಕೇಳಲಿಲ್ಲ. ತಾನಾಗೇ ಹೇಳಿದಳು, "ಅತ್ತಿಗೆ, ಗಂಟು ಕಟ್ಟಿಟ್ಕೊಂಡಿದ್ಲು, ಬಿಚ್ಚಿ ಬಟ್ಟೆ ಮತ್ತೆ ಒಳಗಿಟ್ಲು."

ಫ್ಯಾಕ್ಟರಿಯವರು ಇಂಥಾದ್ದು ಇನ್ನೊಮ್ಮೆ ಆಗಬಾರದು ಅಂತ ರಿಪೇರಿ ಮಾಡಿದರು. ಟ್ರೈನಿಯ ಸ್ವಿಚ್ಚು ಮೇಲಿನವರದು, ಮುಟ್ಟುವ ಹಾಗಿಲ್ಲ. ಭಾನುವಾರದ್ದು ಎಲ್ಲ ಕಡೆಯೂ ಇರುವಂಥದ್ದು. ಇಲ್ಲಿಯವರ ಕೈಗೆ ಸಿಕ್ಕಿದ್ದು ಒಂದೇ. ಬದಲಿ ದಿನದ ಸ್ವಿಚ್ಚು ಆರಿಸಿದರು. ತಮಿಳರ ಹೊಸ ವರ್ಷಕ್ಕೆ ಎಲ್ಲರಿಗೂ ರಜೆ, ಯುಗಾದಿಗೆ ಯಾರಿಗೂ ಇಲ್ಲ. ಕೇಳಿದರೆ ಸಮಸ್ಯೆ ಬಗೆಹರಿದಿದೆ ಅನ್ನುತ್ತಾರೆ.

ಹೀಗಾಗಿ ಈ ಸಲ ಯುಗಾದಿಯ ದಿನ ನಾನು ನೀಲಿ ಕೋಟು, ಅವಳು ಹಳದಿ ಕೋಟು, ಇಬ್ಬರೂ ಪೆಟ್ಟಿಗೆ ಕಟ್ಟಿದೆವು. ತಮಿಳು ಗೆಳತಿ ಬೇವು ಬೆಲ್ಲ ತಾನೇ ಕಾಗದದಲ್ಲಿ ಕಟ್ಟಿಕೊಂಡು ಬಂದು ಟೇಬಲ್ಲಿನ ಮೇಲಿಟ್ಟಳು. ಒಬ್ಬಟ್ಟಿನ ಮಾತು ತೆಗೆಯಲಿಲ್ಲ. ಇವತ್ತು ನೀಲಿ ಕೋಟಿನವರೆಲ್ಲ ಮನೆಯಲ್ಲಿ. ಆದರೆ ಲಾರಿ ಸಂಜೆಗೆ ಬರಲೇಬೇಕಲ್ಲ, ಲೈನು ಓಡಬೇಕಲ್ಲ. ಹಳದಿ ಕೋಟಿನವರು ಯಾವ ಸ್ವಿಚ್ಚಿನೊಳಗೂ ಇಲ್ಲ. ಅವರನ್ನು ಕರೆಸಿದ್ದಾರೆ. ನಮ್ಮ ಹೊಸ ವರ್ಷಕ್ಕೂ ಅವಳೇ, ಅವರ ಹೊಸ ವರ್ಷಕ್ಕೂ ಅವಳೇ. ಅವಳಿಗೆ ಬದಲಿ ಯಾರೂ ಇಲ್ಲ.

ಬೆಳಗ್ಗೆ ಬಸ್ಸು ಕಾಯುವಾಗ ನಾನು ಅಂದೆ, "ಇವತ್ತೊಂದಿನ ಬಿಟ್ಬುಡೇ. ಊರಿಗೆ ಹೋಗಿ ಮಗಳನ್ನಾದ್ರೂ ನೋಡ್ಕೊಂಡು ಬಾ."

"ಬುಟ್ರೆ ನಾಳಿಂದ ಬರ್ಬ್ಯಾಡ ಅಂತಾರೆ ಅತ್ತಿಗೆ. ಆಮ್ಯಾಕೆ ಮಗಳ್ನ ನೋಡ್ಕೊಂಡೇ ಕೂತಿರ್ಬೇಕಾಯ್ತದೆ" ಅಂದಳು. ಬಸ್ಸು ಬಂತು. ಖಾಲಿಯಿತ್ತು, ಕಿಟಕಿಯ ಪಕ್ಕ ಕೂತಳು.

ಹೊತ್ತು ಮುಳುಗುವಾಗ ಬಂದಳು. ಕೈಕಾಲು ತೊಳೆಯುವಷ್ಟರಲ್ಲಿ ಜವಳಗಿರಿಯಿಂದ ಫೋನು ಬಂತು. ಮಗಳು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಾ ಇದ್ದೆ, ಈ ಕಡೆಯ ಮಾತು ಮಾತ್ರ ಕೇಳುತ್ತಿತ್ತು. "ಹೂಂ... ಉಂಡೆ... ಇಲ್ಲ ಕಣವ್ವ, ರಜ ಇರ್ಲಿಲ್ಲ... ಅವ್ರಿಗೆ ಇತ್ತು, ನಂಗಿಲ್ಲ... ಜೂನಾ?" ಫೋನು ಇನ್ನೊಂದು ಕಿವಿಗೆ ಇಟ್ಟುಕೊಂಡಳು. "ಅಲ್ಲೇ ಚೆನ್ನಾಗಿ ಓದು" ಅಂದಳು, ಫೋನು ನನ್ನ ಕೈಗೆ ಕೊಟ್ಟಳು. ನಾನು ಕಿವಿಗೆ ಇಡುವಷ್ಟರಲ್ಲಿ ಆ ಕಡೆ ಇಟ್ಟುಬಿಟ್ಟಿದ್ದರು.

ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು. ಪಕ್ಕದ ಮನೆಯ ವಡೆ ಬೆಳಗಿಂದ ಇದ್ದು ಗಟ್ಟಿಯಾಗಿತ್ತು, ಸಾರಿನಲ್ಲಿ ಅದ್ದಿಕೊಂಡೆವು. ಯಜಮಾನರು ಎರಡು ತಿಂದರು. ಪಾಯಸ ತೆಗೆದಿಟ್ಟಿದ್ದೆ, ಬಿಸಿ ಮಾಡಿ ನಾದಿನಿಯ ಮುಂದಿಟ್ಟೆ.

"ಯಾರ ಹಬ್ಬದ್ದು?" ಅಂದಳು.

"ಪಕ್ಕದ ಮನೆಯೋರದ್ದು."

"ಹಾಕಿ. ಅವ್ರದ್ದಾದ್ರೂ ಆಗ್ಲಿ." ಪೂರ್ತಿ ಕುಡಿದು ಲೋಟ ತೊಳೆದು ಬೋರಲು ಹಾಕಿದಳು.

ಮೊದಲು ಮಲಗಿದವಳು ಅವಳೇ, ಚಾಪೆ ಬಿಚ್ಚಿದ ಹಾಗೇ, ದಿಂಬನ್ನೂ ಎಳೆದುಕೊಳ್ಳದೆ. ಹಳದಿ ಕೋಟು ಮೊಳೆಗೆ ನೇತು ಹಾಕಿತ್ತು, ಬೆವರಿನ ಕಲೆ ಕಂಡಿತು, ನೀರಿಗೆ ಅದ್ದಿ ಹಿಂಡಿ ಹೊರಗೆ ಹರಡಿದೆ, ನಾಳೆಗೆ ಬೇಕು. ಆಮೇಲೆ ಯಜಮಾನರು ಮಲಗಿದರು. ನಾನು ಉಳಿದ ಹುಣಸೇಹಣ್ಣಿನ ಮೇಲೆ ಬಟ್ಟೆ ಮುಚ್ಚಿ ದೀಪ ಆರಿಸಿದೆ.